ತಪ್ಪು 14ನೇ ಸಾಲಿನಲ್ಲಿ ಇರಲಿಲ್ಲ

(ಬೀದರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಮುಂದೆ ಆಡಿದ ಮಾತಿನ ಬರಹ ರೂಪ. ಪರದೆ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋದ ವರ್ಷ ಇದೇ ಜಿಲ್ಲೆಯ ಒಂದು ಲ್ಯಾಬಿನಲ್ಲಿ ಕೂತಿದ್ದೆ. ಔರಾದ ಕಡೆಯ ಒಬ್ಬ ಹುಡುಗಿ ಪ್ರೋಗ್ರಾಂ ಬರೆಯುತ್ತಿದ್ದಳು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ ಓದಿದವಳು. ತೊಗರಿ ಮಾರಾಟದ ಸಣ್ಣ ಲೆಕ್ಕ ಅದು. ತೂಕ ಕೇಳಬೇಕು, ದರ ಕೇಳಬೇಕು, ಗುಣಿಸಿ ಮೊತ್ತ ಹೇಳಬೇಕು. ಟೈಪ್ ಚೆಕರ್ ಓಡಿಸಿದಳು. ಒಂದು ಮೌಲ್ಯ ಸಂಖ್ಯೆಯೋ ಅಕ್ಷರವೋ ಅನ್ನುವ ಬಗೆಗೆ ಟೈಪ್ ಅನ್ನುತ್ತಾರೆ, ಅದನ್ನು ಪರೀಕ್ಷಿಸುವ ಸಾಧನ ಇದು. ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಮೆಸೇಜ್ ಬಂತು. 14ನೇ ಸಾಲಿನಲ್ಲಿ ಎರರ್, ಸಂಖ್ಯೆ ಬೇಕಿತ್ತು, ಸ್ಟ್ರಿಂಗ್ (ಅಂದರೆ ಬರೀ ಅಕ್ಷರಗಳಾಗಿ ಇಟ್ಟ ಪಠ್ಯ) ಸಿಕ್ಕಿತು ಅಂತ ಅದರ ಅರ್ಥ.

ಅವಳು 14ನೇ ಸಾಲಿನ ಬೆನ್ನು ಹತ್ತಿದಳು. ಗುಣಾಕಾರದ ಚಿಹ್ನೆ ಅಳಿಸಿ ಮತ್ತೆ ಹಾಕಿದಳು. ಕಂಸ ಸೇರಿಸಿದಳು. ಹೆಸರು ಬದಲಿಸಿದಳು. ಕಡೆಗೆ ಆ ಸಾಲನ್ನೇ ತೆಗೆದುಹಾಕಿದಳು. ಎರರ್ ಹೋಯಿತು, ಮೊತ್ತವೂ ಹೋಯಿತು. ಆಗ ನನ್ನ ಕಡೆ ತಿರುಗಿ ಕೇಳಿದಳು: "ಸರ, 14ನೇ ಲೈನ್ ಸರಿನೇ ಅದರಿ. ಮತ್ಯಾಕ ಹಿಂಗ ಬರ್ತದರಿ?"

ಅವಳು ಹೇಳಿದ್ದು ಖರೇ. 14ನೇ ಸಾಲಿನಲ್ಲಿ ಇದ್ದಿದ್ದು ತೂಕ ಗುಣಿಸು ದರ, ಅಷ್ಟೇ. ಅದರಲ್ಲಿ ಏನೂ ತಪ್ಪಿರಲಿಲ್ಲ. ಎಡವಟ್ಟಾಗಿದ್ದು 3ನೇ ಸಾಲಿನಲ್ಲಿ. ಅವಳು ಬರೆಯುತ್ತಿದ್ದ ಭಾಷೆಯಲ್ಲಿ ಕೀಬೋರ್ಡಿನಿಂದ ಓದಿದ್ದು ಯಾವಾಗಲೂ ಸ್ಟ್ರಿಂಗ್ ಆಗಿಯೇ ಬರುತ್ತದೆ. ಅದನ್ನು ಸಂಖ್ಯೆಗೆ ಬದಲಿಸುವುದು ಅವಳಿಗೆ ಮರೆತುಹೋಗಿತ್ತು. ಚೆಕರ್‌ಗೆ 3ನೇ ಸಾಲಿನ ಸಂಗತಿ ಪೂರ್ತಿ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ತೂಕ ಸ್ಟ್ರಿಂಗ್ ಅಂತ ಹೇಳಲಿಕ್ಕೇ ಆಗುತ್ತಿರಲಿಲ್ಲ. ಗೊತ್ತಿದ್ದೂ ಅದು ಹೇಳಲಿಲ್ಲ. ಅವತ್ತಿನಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ. ನಾನು ಮತ್ತು ಇಬ್ಬರು ಗೆಳೆಯರು ಕಲಿಯುವ ಮಕ್ಕಳಿಗಾಗಿ ಒಂದು ಸಣ್ಣ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದೇವೆ. ಅದರ ಟೈಪ್ ಚೆಕರ್ ಕೆಲಸ ನನ್ನದು. ಇವತ್ತು ಹೇಳುವುದೆಲ್ಲ ಆ ಕೆಲಸದಲ್ಲಿ ಕಲಿತದ್ದು.

ನಮ್ಮಪ್ಪ ಇಲ್ಲೇ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಒಂದು ಅಡತ್ (ದಲ್ಲಾಳಿ) ಅಂಗಡಿಯ ಗುಮಾಸ್ತರಾಗಿದ್ದರು. ರಾತ್ರಿ ಊಟ ಆದ ಮೇಲೆ ದಿನದ ಚೀಟಿಗಳನ್ನೂ ಖಾತೆ ಪುಸ್ತಕವನ್ನೂ ಹರಡಿಕೊಂಡು ತಾಳೆ ನೋಡುತ್ತಿದ್ದರು. ಕೆಲವು ಸಲ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಚೀಟಿಯಲ್ಲಿ ಒಂದು ಅಂಕಿ, ಪುಸ್ತಕದಲ್ಲಿ ಇನ್ನೊಂದು. ನಾನು ಅವಸರದಲ್ಲಿ "ಪುಸ್ತಕದಾಗ ತಪ್ಪ ಬರ್ದೀರಿ ಅಪ್ಪಾ" ಅಂದರೆ, "ತಮ್ಮಾ, ತಾಳೆ ಆಗ್ಲಿಲ್ಲ ಅಂತ ಹೇಳು. ಯಾವುದು ತಪ್ಪು ಅಂಬೋದು ಎರಡೂ ನೋಡಿದ ಮ್ಯಾಲೆ" ಅನ್ನುತ್ತಿದ್ದರು.

ಟೈಪ್ ಚೆಕರ್ ಮಾಡುವುದು ಇದೇ ಕೆಲಸ. ಪ್ರೋಗ್ರಾಂ ಓಡುವ ಮೊದಲೇ ತಾಳೆ ನೋಡುತ್ತದೆ. ಒಂದು ಕಡೆ ಒಂದು ಮೌಲ್ಯ ಹುಟ್ಟುತ್ತದೆ, ಇನ್ನೊಂದು ಕಡೆ ಬಳಕೆಯಾಗುತ್ತದೆ. ಎರಡೂ ಕಡೆಯ ಟೈಪ್ ಒಂದೇ ಇದೆಯಾ ಅಂತ ನೋಡುತ್ತದೆ. ಹಾಗಾಗಿ ಟೈಪ್ ಎರರ್ ಅನ್ನುವುದು ಒಂದು ಸಾಲಿನಲ್ಲಿ ಕೂತಿರುವ ವಸ್ತುವಲ್ಲ. ಅದು ಎರಡು ಜಾಗಗಳ ನಡುವಿನ ತಕರಾರು. ಒಂದೇ ಸಾಲಿನ ನಂಬರ್ ಕೊಟ್ಟು ಸುಮ್ಮನಾಗುವ ಚೆಕರ್ ತಕರಾರಿನ ಅರ್ಧ ಭಾಗ ಮುಚ್ಚಿಡುತ್ತದೆ.

ತಪ್ಪು ಯಾವ ಕಡೆ ಅನ್ನುವುದು ಎಷ್ಟೋ ಸಲ ಪ್ರೋಗ್ರಾಂ ಒಳಗೆ ಇರುವುದೇ ಇಲ್ಲ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಹೋಗಿ ಕಳೆದುಹೋಯಿತು. ಭೂಮಿಯ ಮೇಲಿದ್ದ ಒಂದು ಸಾಫ್ಟ್‌ವೇರ್ ನೂಕುಬಲದ ಲೆಕ್ಕವನ್ನು ಪೌಂಡಿನಲ್ಲಿ ಕೊಡುತ್ತಿತ್ತು. ಅದನ್ನು ತೆಗೆದುಕೊಳ್ಳುವ ಸಾಫ್ಟ್‌ವೇರ್ ನ್ಯೂಟನ್ ಅಂತ ತಿಳಿದಿತ್ತು. ಒಂದು ಪೌಂಡ್ ಬಲ ಅಂದರೆ ಸುಮಾರು 4.45 ನ್ಯೂಟನ್. ಎರಡೂ ಕಡೆ ಟೈಪ್ ಬರೀ ಸಂಖ್ಯೆ, ಹಾಗಾಗಿ ಟೈಪ್ ನೋಡಿದರೆ ತಾಳೆ ಆಗುತ್ತಿತ್ತು. ಈಗ ಎಫ್ ಶಾರ್ಪ್‌ನಂಥ ಭಾಷೆಗಳಲ್ಲಿ ಸಂಖ್ಯೆಯ ಜತೆಗೆ ಅಳತೆಯ ಮಾನವನ್ನೂ ಟೈಪಿನಲ್ಲೇ ಬರೆಯಬಹುದು. ಆಗ ಚೆಕರ್ ಹಿಡಿಯುತ್ತದೆ. ಆದರೆ ಹಿಡಿದ ಮೇಲೂ ಅದಕ್ಕೆ ಹೇಳಲು ಆಗುವುದು ಇಷ್ಟೇ: ಈ ಕಡೆ ಪೌಂಡ್, ಆ ಕಡೆ ನ್ಯೂಟನ್, ತಾಳೆ ಆಗುತ್ತಿಲ್ಲ. ನ್ಯೂಟನ್ ಇರಬೇಕು ಅನ್ನುವುದು ಎರಡು ತಂಡಗಳ ನಡುವಿನ ಕಾಗದದಲ್ಲಿ ಬರೆದಿತ್ತು. ಆ ಕಾಗದ ಓದಬೇಕಾದವರು ಮನುಷ್ಯರು.

ಹಾಗಾದರೆ ಚೆಕರ್‌ಗಳು ಒಂದೇ ಸಾಲನ್ನು ಯಾಕೆ ದೂರುತ್ತವೆ? ಅವು ಕೆಲಸ ಮಾಡುವ ರೀತಿಯೇ ಹಾಗಿದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

1978ರಲ್ಲಿ ಕಂಪ್ಯೂಟರ್ ವಿಜ್ಞಾನಿ ರಾಬಿನ್ ಮಿಲ್ನರ್ ಒಂದು ವಿಧಾನ ಪ್ರಕಟಿಸಿದರು. ನಾವು ಟೈಪ್ ಬರೆಯದೇ ಇದ್ದರೂ ಭಾಷೆಯೇ ಅದನ್ನು ಲೆಕ್ಕ ಹಾಕಿ ಕಂಡುಹಿಡಿಯುವ ವಿಧಾನ ಅದು. ಎಂಎಲ್ ಅನ್ನುವ ಭಾಷೆಗಾಗಿ ಮಾಡಿದ್ದು. ಪ್ರತಿ ಹೆಸರಿನ ಮುಂದೆ ಒಂದು ಖಾಲಿ ಜಾಗ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಂ ಓದುತ್ತಾ ಹೋದಂತೆ "ಇದರ ಟೈಪ್, ಅದರ ಟೈಪ್ ಒಂದೇ ಇರಬೇಕು" ಅನ್ನುವ ಮಾತುಗಳು ಸಿಗುತ್ತವೆ. ಅವುಗಳನ್ನು ಹೊಂದಿಸುತ್ತಾ ಖಾಲಿ ಜಾಗ ತುಂಬುತ್ತದೆ. ಈ ಹೊಂದಿಸುವ ಕೆಲಸಕ್ಕೆ ಯೂನಿಫಿಕೇಶನ್ ಅನ್ನುತ್ತಾರೆ. 1965ರಲ್ಲಿ ಜಾನ್ ಅಲನ್ ರಾಬಿನ್ಸನ್ ತರ್ಕಶಾಸ್ತ್ರದ ಕೆಲಸಕ್ಕೆ ಕೊಟ್ಟ ವಿಧಾನ ಇಲ್ಲಿ ಉಪಯೋಗಕ್ಕೆ ಬಂತು. ಸಂಖ್ಯೆ ಅಂತ ತುಂಬಿದ ಜಾಗಕ್ಕೆ ಸ್ಟ್ರಿಂಗ್ ಅಂತ ಇನ್ನೊಂದು ಬಂದು ನಿಂತರೆ ಹೊಂದಿಕೆ ಮುರಿಯಿತು. ಮುರಿದ ಕ್ಷಣಕ್ಕೆ ಯಾವ ಸಾಲು ಓದುತ್ತಿತ್ತೋ ಅದೇ ಸಾಲಿನ ಮೇಲೆ ಎರರ್.

ಬಸ್ಸಿನಲ್ಲಿ ಸೀಟು ಹಿಡಿಯುವುದು ನಿಮಗೆಲ್ಲ ಗೊತ್ತು. ಬಸ್ ಸ್ಟ್ಯಾಂಡಿಗೆ ಗಾಡಿ ಬಂದ ಕೂಡಲೇ ಕಿಟಕಿಯಿಂದ ಟವೆಲ್ ಹಾಕಿಬಿಡುತ್ತೇವೆ. ಆಮೇಲೆ ಬಾಗಿಲಿನಿಂದ ಹತ್ತಿ ಬಂದವರು ಅದೇ ಸೀಟು ಕೇಳಿದರೆ ಜಗಳ. ಮೊದಲು ಟವೆಲ್ ಬಿದ್ದಿದೆ, ಆದ್ದರಿಂದ ಎರಡನೆಯವರದ್ದೇ ತಪ್ಪು. ಚೆಕರ್ ಕೂಡ ಹೀಗೇ ತೀರ್ಪು ಕೊಡುತ್ತದೆ. ಮೊದಲು ಕಂಡದ್ದು ಸರಿ, ಆಮೇಲೆ ಬಂದದ್ದು ತಪ್ಪು.

ಇದನ್ನು ನೀವೇ ಮಾಡಿ ನೋಡಬಹುದು. ಟೈಪ್ ತಾನೇ ಕಂಡುಹಿಡಿಯುವ ಒಂದು ಭಾಷೆ ತೆಗೆದುಕೊಳ್ಳಿ. ಒಂದು "ಇಫ್" ಬರೆಯಿರಿ, ಅಂದರೆ ಷರತ್ತು ನಿಜವಾದರೆ ಒಂದು ಕವಲು, ಇಲ್ಲದಿದ್ದರೆ "ಎಲ್ಸ್" ಅನ್ನುವ ಇನ್ನೊಂದು. ಮೊದಲ ಕವಲಿನಲ್ಲಿ 5 ಅಂತ ಸಂಖ್ಯೆ ಕೊಡಿ. "ಎಲ್ಸ್" ಕವಲಿನಲ್ಲಿ "ಐದು" ಅಂತ ಸ್ಟ್ರಿಂಗ್ ಕೊಡಿ. ಬಹುತೇಕ ಎರರ್ ಎರಡನೇ ಕವಲಿನ ಮೇಲೆ ಬೀಳುತ್ತದೆ. ಈಗ ಎರಡನ್ನೂ ಅದಲುಬದಲು ಮಾಡಿ. ಷರತ್ತನ್ನೂ ತಿರುಗಿಸಿ. ಪ್ರೋಗ್ರಾಂ ಅರ್ಥ ಒಂದಿಷ್ಟೂ ಬದಲಾಗಿಲ್ಲ. ಆದರೆ ಈ ಸಲ ಸಂಖ್ಯೆಯ ಮೇಲೆ ದೂರು! ಮಿಲ್ನರ್ ವಿಧಾನವನ್ನೇ ಒಳಗಿನಿಂದ ಹೊರಕ್ಕೆ, ಅಂದರೆ ಸಣ್ಣ ತುಣುಕುಗಳಿಂದ ಇಡೀ ವಾಕ್ಯದ ಕಡೆಗೆ, ನಡೆಸಿದರೆ ಒಂದು ಕಡೆ ಎರರ್ ಬರಬಹುದು, ಹೊರಗಿನಿಂದ ಒಳಕ್ಕೆ ನಡೆಸಿದರೆ ಇನ್ನೊಂದು ಕಡೆ. ಎರಡನೇ ರೀತಿ ಮೊದಲನೆಯದಕ್ಕಿಂತ ತಡವಾಗಿ ನಿಲ್ಲುವುದಿಲ್ಲ ಅಂತ 1998ರಲ್ಲಿ ಲೀ ಮತ್ತು ಯಿ ಅನ್ನುವ ಸಂಶೋಧಕರು ಸಾಧಿಸಿ ತೋರಿಸಿದರು. ಬೇಗ ನಿಲ್ಲುವುದು ಒಳ್ಳೆಯದೇ. ಆದರೆ ಬೇಗ ನಿಂತ ಜಾಗವೇ ಎಡವಟ್ಟಿನ ಜಾಗ ಅಂತ ಹೇಳಲಾಗುವುದಿಲ್ಲ. ಸಾಲಿನ ನಂಬರ್ ಚೆಕರ್ ನಡೆದ ದಾರಿಯನ್ನು ಹೇಳುತ್ತದೆ, ನಿಮ್ಮ ತಪ್ಪನ್ನಲ್ಲ. ಇದೊಂದು ಮಾತು ಗೊತ್ತಿದ್ದಿದ್ದರೆ ಆ ಹುಡುಗಿ 14ನೇ ಸಾಲು ಅಳಿಸುತ್ತಿರಲಿಲ್ಲ.

ಇನ್ನು ಪರಿಹಾರ. ಅದಕ್ಕೆ ನೌಬಾದಿನ ಸುರಂಗ ಬಾವಿ ನೆನಪಿಸಿಕೊಳ್ಳಿ. ಇಲ್ಲಿ ಕೂತಿರುವ ಎಷ್ಟೋ ಜನ ಅದನ್ನು ನೋಡಿದ್ದೀರಿ. ಬಹಮನಿ ಕಾಲದ ಕಾರೇಜ್ ಅದು. ನೆಲದ ಕೆಳಗೆ ಕೆಂಪು ಜಂಬಿಟ್ಟಿಗೆ ಕಲ್ಲು ಕೊರೆದು ಮಾಡಿದ ಕಾಲುವೆ. ನೀರು ಒಂದು ಕಡೆ ಹುಟ್ಟಿ, ಕತ್ತಲಲ್ಲಿ ಬಹಳ ದೂರ ಹರಿದು, ಇನ್ನೊಂದು ಕಡೆ ಹೊರಗೆ ಬರುತ್ತದೆ. ನೀರು ಬರಲಿಲ್ಲ ಅಂದರೆ ಜನಕ್ಕೆ ಗೊತ್ತಾಗುವುದು ಕೊನೆಯಲ್ಲಿ. ಹೂಳು ತುಂಬಿರುವುದು ಮಾತ್ರ ಮೇಲೆಲ್ಲೋ. ಕೊನೆಯಲ್ಲಿ ನಿಂತು ಎಷ್ಟು ಅಗೆದರೂ ನೀರು ಬರುವುದಿಲ್ಲ. ಅದನ್ನು ಕಟ್ಟಿದವರಿಗೆ ಇದು ಮೊದಲೇ ಗೊತ್ತಿತ್ತು. ಅದಕ್ಕೇ ದಾರಿಯುದ್ದಕ್ಕೂ ನೆಲದಿಂದ ಸುರಂಗಕ್ಕೆ ಬಾವಿಯಂಥ ಕಿಂಡಿಗಳನ್ನು ಇಟ್ಟರು. ಗಾಳಿ ಬೆಳಕಿಗೂ ಅವೇ, ಇಳಿದು ಹೂಳು ತೆಗೆಯುವುದಕ್ಕೂ ಅವೇ. ಒಂದೊಂದೇ ಕಿಂಡಿಯಲ್ಲಿ ಬಗ್ಗಿ ನೋಡುತ್ತಾ ಹೋದರೆ ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಅಂತ ತಿಳಿಯುತ್ತದೆ.

ಚೆಕರ್ ಒಳಗೂ ಟೈಪ್ ಹೀಗೇ ಕತ್ತಲಲ್ಲಿ ಹರಿಯುತ್ತದೆ. 3ನೇ ಸಾಲಿನಲ್ಲಿ ಹುಟ್ಟಿದ ಸ್ಟ್ರಿಂಗ್ ಹೆಸರಿನಿಂದ ಹೆಸರಿಗೆ, ಫಂಕ್ಷನ್‌ನಿಂದ ಫಂಕ್ಷನ್‌ಗೆ ಹರಿದು 14ಕ್ಕೆ ಬಂದು ತಡೆಯುತ್ತದೆ. 1986ರಲ್ಲಿ ಮಿಚೆಲ್ ವಾಂಡ್ ಅನ್ನುವ ಸಂಶೋಧಕರು ಒಂದು ಸರಳ ಸೂಚನೆ ಕೊಟ್ಟರು. ಖಾಲಿ ಜಾಗ ತುಂಬುವಾಗ ಏನು ತುಂಬಿದೆ ಅಂತ ಮಾತ್ರ ಬರೆದಿಟ್ಟುಕೊಳ್ಳಬೇಡಿ, ಯಾಕೆ ತುಂಬಿದೆ ಅಂತಲೂ ಬರೆದಿಟ್ಟುಕೊಳ್ಳಿ. ಯಾವ ಸಾಲಿನ ಯಾವ ಮಾತಿನಿಂದ ಈ ಟೈಪ್ ಬಂತು ಅನ್ನುವ ಕಾರಣ ಅದು. ಇವೇ ನಮ್ಮ ಕಿಂಡಿಗಳು. ಹೊಂದಿಕೆ ಮುರಿದಾಗ ಕಾರಣದಿಂದ ಕಾರಣಕ್ಕೆ ಹಿಂದೆ ನಡೆದರೆ ಹುಟ್ಟಿದ ಜಾಗ ಸಿಗುತ್ತದೆ. 2003ರಲ್ಲಿ ಹಾಕ್ ಮತ್ತು ವೆಲ್ಸ್ ಇದನ್ನು ಇನ್ನೂ ಮುಂದೆ ಒಯ್ದರು. ತಕರಾರಿಗೆ ಸಂಬಂಧಪಟ್ಟ ಎಲ್ಲ ತುಣುಕುಗಳನ್ನೂ ತೋರಿಸಬೇಕು, ಸಂಬಂಧವಿಲ್ಲದ ಒಂದನ್ನೂ ತೋರಿಸಬಾರದು ಅನ್ನುವುದು ಅವರ ಗುರಿ.

ನಾನು ಮೊದಲು ಹಾಗೆಯೇ ಮಾಡಿದೆ. ಕಾರಣಗಳ ಸರಪಳಿ ಪೂರ್ತಿ ತೋರಿಸಿದೆ. ಎಲ್ಲ ಸರಿಯಾಗಿತ್ತು, ಒಂದೂ ಬಿಟ್ಟಿರಲಿಲ್ಲ. ಆದರೆ ಲ್ಯಾಬಿನಲ್ಲಿ ಮಕ್ಕಳು ಅದನ್ನು ನೋಡಿ ಹಿಂದೆ ಸರಿದು ಕೂತರು. ಒಂದು ಪರದೆ ತುಂಬ ಸಾಲುಗಳು. ಎಲ್ಲ ಕಿಂಡಿಗಳಿಗೂ ಒಟ್ಟಿಗೆ ಇಳಿ ಅಂದರೆ ಯಾರು ಇಳಿಯುತ್ತಾರೆ? ಈಗ ಎರಡು ತುದಿ ಮಾತ್ರ ತೋರಿಸುತ್ತೇವೆ. ನಡುವಿನದು ಬೇಕಾದವರು ಕೇಳಿ ತೆಗೆಸಿಕೊಳ್ಳಬಹುದು. ಆ ಹುಡುಗಿಯ ಲೆಕ್ಕವನ್ನೇ ನಮ್ಮ ಭಾಷೆಯಲ್ಲಿ ಬರೆದರೆ ನಮ್ಮ ಚೆಕರ್ ಈಗ ಹೀಗೆ ಹೇಳುತ್ತದೆ ("ಓದು" ಅಂದರೆ ಕೀಬೋರ್ಡಿನಿಂದ ಓದುವ ಆಜ್ಞೆ):

ತೂಕದ ಟೈಪ್ ತಾಳೆ ಆಗುತ್ತಿಲ್ಲ.
3ನೇ ಸಾಲು: ಇಲ್ಲಿ ತೂಕ ಸ್ಟ್ರಿಂಗ್ ಆಯಿತು, ಯಾಕೆಂದರೆ "ಓದು" ಯಾವಾಗಲೂ ಸ್ಟ್ರಿಂಗ್ ಕೊಡುತ್ತದೆ.
14ನೇ ಸಾಲು: ಇಲ್ಲಿ ತೂಕ ಸಂಖ್ಯೆ ಆಗಿರಬೇಕು, ಯಾಕೆಂದರೆ ಗುಣಾಕಾರಕ್ಕೆ ಸಂಖ್ಯೆ ಬೇಕು.

ಎರಡೂ ಕಡೆ ತೋರಿಸುವುದನ್ನು ದೊಡ್ಡ ಭಾಷೆಗಳೂ ಮಾಡುತ್ತಿವೆ. ಎಲ್ಮ್ ಭಾಷೆ 2015ರಲ್ಲಿ ತನ್ನ ಮೆಸೇಜುಗಳನ್ನು ಓದುವವರ ಕಡೆಯಿಂದ ಹೊಸದಾಗಿ ಬರೆಯಿತು, ನಾವು ಬರೆದ ಕೋಡನ್ನು ಬರೆದ ಹಾಗೆಯೇ ತೋರಿಸಲು ಶುರು ಮಾಡಿತು. ರಸ್ಟ್ ಭಾಷೆಯ ಕಂಪೈಲರ್, ಅಂದರೆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ಸಾಧನ, 2016ರಲ್ಲಿ ಮೆಸೇಜಿನ ರೂಪ ಬದಲಿಸಿತು. ಹೊಂದಿಕೆ ಮುರಿದ ಜಾಗದ ಕೆಳಗೆ ಒಂದು ಗುರುತು, ಅದಕ್ಕೆ ಕಾರಣವಾದ ಜಾಗದ ಕೆಳಗೆ ಬೇರೆ ಬಣ್ಣದ ಇನ್ನೊಂದು ಗುರುತು. ಒಳ್ಳೆಯ ಮೆಸೇಜ್ ಹೇಗಿರುತ್ತದೆ ಅಂತ ನೋಡಬೇಕಾದರೆ ಮನೆಗೆ ಹೋಗಿ ರಸ್ಟ್ ಹಾಕಿಕೊಂಡು ಬೇಕಂತಲೇ ಒಂದು ತಪ್ಪು ಮಾಡಿ ನೋಡಿ.

"ಬೇಕಿತ್ತು" ಅನ್ನುವ ಮಾತಿನ ಬಗ್ಗೆಯೂ ಹೇಳಬೇಕು. ಸಂಖ್ಯೆ ಬೇಕಿತ್ತು, ಸ್ಟ್ರಿಂಗ್ ಸಿಕ್ಕಿತು. ಯಾರಿಗೆ ಬೇಕಿತ್ತು? ಮೆಸೇಜ್ ಅದನ್ನು ಹೇಳುವುದೇ ಇಲ್ಲ, ಅಲ್ವಾ? ಯೂನಿಫಿಕೇಶನ್ ಮಟ್ಟದಲ್ಲಿ ಬೇಕಿದ್ದದ್ದು, ಸಿಕ್ಕಿದ್ದು ಅಂತ ಎರಡಿಲ್ಲ. ಎರಡು ಟೈಪ್ ಇವೆ, ಅವು ಒಂದೇ ಆಗಬೇಕು, ಅಷ್ಟೇ. ಯಾವುದನ್ನು ಎಡಕ್ಕೆ ಬರೆದೆವು ಅನ್ನುವುದರ ಮೇಲೆ ಒಂದು "ಬೇಕಿದ್ದದ್ದು" ಆಗಿಬಿಡುತ್ತದೆ. ಇದು ನಿಜವಾಗುವುದು ಒಂದೇ ಸಂದರ್ಭದಲ್ಲಿ: ಬರೆದವರೇ ಟೈಪ್ ಬರೆದು ಹೇಳಿದ್ದರೆ. "ತೂಕ ಸಂಖ್ಯೆ" ಅಂತ ನೀವೇ ಬರೆದಿದ್ದರೆ ಅದು ನಿಮ್ಮ ಮಾತು. ಆ ಮಾತನ್ನು ಮೇಲಿನಿಂದ ಕೆಳಗೆ ಒಯ್ದು ತಾಳೆ ನೋಡುವ ರೀತಿಯನ್ನು 2000ದಲ್ಲಿ ಪಿಯರ್ಸ್ ಮತ್ತು ಟರ್ನರ್ ಚೆನ್ನಾಗಿ ವಿವರಿಸಿದರು. ಅಲ್ಲಿ "ನಿಮಗೆ ಸಂಖ್ಯೆ ಬೇಕಿತ್ತು" ಅಂದರೆ ಸರಿ. ಉಳಿದ ಕಡೆ ಯಾರಿಗೆ, ಯಾಕೆ ಬೇಕಿತ್ತು ಅಂತ ಹೇಳದೇ ಆ ಮಾತು ಬಳಸಬಾರದು ಅಂತ ನಾವು ನಿಯಮ ಮಾಡಿಕೊಂಡಿದ್ದೇವೆ. ಅದಕ್ಕೇ ಮೇಲಿನ ಮೆಸೇಜಿನಲ್ಲಿ ಎರಡು ಸಲ "ಯಾಕೆಂದರೆ" ಇದೆ. ನನ್ನ ಪ್ರಕಾರ ಇಡೀ ಮೆಸೇಜಿನಲ್ಲಿ ಮುಖ್ಯವಾದ ಪದ ಅದೇ.

ಪಹಣಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾದರೆ ಏನಾಗುತ್ತದೆ ಅಂತ ರೈತರ ಮನೆಯ ಮಕ್ಕಳಿಗೆ ಹೇಳಬೇಕಾಗಿಲ್ಲ. ಬ್ಯಾಂಕಿನಲ್ಲಿ ಹೆಸರು ಹೊಂದುವುದಿಲ್ಲ, ಸೊಸೈಟಿಯಲ್ಲಿ ಹೊಂದುವುದಿಲ್ಲ, ಬೆಳೆ ವಿಮೆಯಲ್ಲಿ ಹೊಂದುವುದಿಲ್ಲ. ತಪ್ಪು ಒಂದೇ, ಅಲೆದಾಟ ಹತ್ತು ಕಡೆ. ಟೈಪ್ ಎರರ್ ಕೂಡ ಹಾಗೇ ಮರಿ ಹಾಕುತ್ತದೆ. ಒಂದು ಹೆಸರಿನ ಟೈಪ್ ಕೆಟ್ಟರೆ ಅದನ್ನು ಬಳಸಿದ ಪ್ರತಿ ಸಾಲಿನಲ್ಲೂ ಹೊಸ ದೂರು. ಇದಕ್ಕೆ ಎಷ್ಟೋ ಕಂಪೈಲರ್‌ಗಳಲ್ಲಿ ಒಂದು ಉಪಾಯ ಇದೆ. ಕೆಟ್ಟ ಜಾಗಕ್ಕೆ "ಎರರ್" ಅನ್ನುವ ವಿಶೇಷ ಟೈಪನ್ನೇ ಕೊಟ್ಟುಬಿಡುತ್ತಾರೆ. ಅದು ಯಾವುದರ ಜತೆಗಾದರೂ ಸುಮ್ಮನೆ ಹೊಂದಿಕೊಳ್ಳುತ್ತದೆ. ದೂರು ಒಮ್ಮೆ ಬಂದಾಗಿದೆ, ಮತ್ತೆ ಬೇಡ ಅಂತ. ಇದರಲ್ಲಿ ಒಂದು ಅಪಾಯವಿದೆ. ಮೊದಲ ತಪ್ಪಿನ ಮರೆಯಲ್ಲಿ ಬೇರೆಯದೇ ಆದ ನಿಜವಾದ ತಪ್ಪೂ ಅಡಗಿ ಕೂರಬಹುದು. ಮೊದಲನೆಯದು ಸರಿಮಾಡಿದ ಮೇಲೆ ಅದು ಎದ್ದು ಬರುತ್ತದೆ. ಕಲಿಯುವವರಿಗೆ ಇದು ಪರವಾಗಿಲ್ಲ ಅಂತ ನನ್ನ ನಂಬಿಕೆ. ಐವತ್ತು ದೂರು ಒಟ್ಟಿಗೆ ಕಂಡು ಕಂಪ್ಯೂಟರ್ ಮುಚ್ಚಿಡುವುದಕ್ಕಿಂತ ಒಂದಾದ ಮೇಲೆ ಒಂದು ಬರುವುದು ಮೇಲು.

ಸಲಹೆ ಕೊಡುವ ಚೆಕರ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಇದನ್ನು ಬರೆಯಬೇಕಿತ್ತೇ?" ಅಂತ ಕೇಳುವುದು ಒಳ್ಳೆಯದು. ಆದರೆ ಎಷ್ಟು ಖಾತ್ರಿ ಇದೆ ಅನ್ನುವುದೂ ಅದಕ್ಕೆ ಗೊತ್ತಿರಬೇಕು. ರಸ್ಟ್ ಕಂಪೈಲರ್ ಒಳಗೆ ಪ್ರತಿ ಸಲಹೆಗೂ ಒಂದು ದರ್ಜೆ ಇದೆ: ಯಂತ್ರವೇ ತಿದ್ದಬಹುದಾದದ್ದು, ತಪ್ಪಿರಲೂಬಹುದಾದದ್ದು, ಬಳಸುವವರು ಖಾಲಿ ಜಾಗ ತುಂಬಬೇಕಾದದ್ದು, ದರ್ಜೆ ಗೊತ್ತುಮಾಡದೇ ಬಿಟ್ಟದ್ದು. ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟವಾಯಿತು.

ಕನ್ನಡದಲ್ಲಿ ಮೆಸೇಜ್ ಬರೆಯುವಾಗ ಎದುರಾದ ಒಂದು ತೊಡಕು ಹೇಳುತ್ತೇನೆ. ಇಂಗ್ಲಿಷಿನಲ್ಲಿ ವಾಕ್ಯದ ಅಚ್ಚು ಮಾಡಿಟ್ಟು ಟೈಪಿನ ಹೆಸರನ್ನು ನಡುವೆ ತುರುಕಿದರೆ ಸಾಕು. ಕನ್ನಡದಲ್ಲಿ ಹೆಸರಿಗೆ ಪ್ರತ್ಯಯ ಅಂಟಬೇಕು. ಸಂಖ್ಯೆ ಸಂಖ್ಯೆಯನ್ನು ಆಗುತ್ತದೆ, ಮೊತ್ತ ಮೊತ್ತವನ್ನು ಆಗುತ್ತದೆ, ಸ್ಟ್ರಿಂಗ್ ಸ್ಟ್ರಿಂಗನ್ನು ಆಗುತ್ತದೆ. ಮಕ್ಕಳು ತಾವೇ ಹೊಸ ಟೈಪ್ ಮಾಡಿ ಏನು ಹೆಸರಿಡುತ್ತಾರೋ ನಮಗೆ ಮೊದಲೇ ಗೊತ್ತಿರುವುದಿಲ್ಲ. ಪ್ರತ್ಯಯ ತಪ್ಪಾದರೆ ವಾಕ್ಯ ಕಲ್ಲು ಸಿಕ್ಕ ಅನ್ನದಂತೆ ಆಗುತ್ತದೆ. ಕಡೆಗೆ ಹೆಸರನ್ನು ಮುಟ್ಟದೇ ಅದರ ಮುಂದೆ "ಎಂಬ ಟೈಪ್" ಅಂತ ಸೇರಿಸಿ, ಪ್ರತ್ಯಯವನ್ನು ಅದಕ್ಕೆ ಅಂಟಿಸಿದೆವು. "ರೈತ ಎಂಬ ಟೈಪಿಗೆ", "ಚೀಟಿ ಎಂಬ ಟೈಪಿನಿಂದ". ಸ್ವಲ್ಪ ಉದ್ದ, ಆದರೆ ಎಲ್ಲೂ ಮುರಿಯುವುದಿಲ್ಲ. ಇನ್ನೊಂದು, "ದೋಷ", "ತಪ್ಪು" ಅನ್ನುವ ಪದಗಳನ್ನು ತೆಗೆದೆವು. "ತಪ್ಪು" ಅಂತ ಕಂಡ ಕೂಡಲೇ ಮಕ್ಕಳು ತಾವೇ ತಪ್ಪು ಅಂದುಕೊಳ್ಳುತ್ತಾರೆ. ಅಪ್ಪನ "ತಾಳೆ ಆಗುತ್ತಿಲ್ಲ" ಅಲ್ಲಿಗೆ ಬಂತು. ಅದು ಯಾರನ್ನೂ ಬೈಯುವುದಿಲ್ಲ, ಎರಡು ಕಡೆ ನೋಡಲು ಹೇಳುತ್ತದೆ.

ಮಾತು ಮುಗಿದ ಮೇಲೆ ಒಬ್ಬ ಅಧ್ಯಾಪಕಿ ಕೇಳಿದರು: "ಇಷ್ಟೆಲ್ಲ ಮಾಡ್ತೀರಿ ಖರೇ, ಆದ್ರ ನಮ್ಮ ಹುಡುಗ್ರು ಮೆಸೇಜ್ ಓದೋದೇ ಇಲ್ರಿ. ಸೀದಾ ನಮ್ಮನ್ನ ಕರೀತಾರ."

ಈ ಮಾತು ನಾನೂ ಬಹಳ ಸಲ ಕೇಳಿದ್ದೇನೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರರ್ ಸರಿಪಡಿಸುವಾಗ ಪ್ರೋಗ್ರಾಂ ಬರೆಯುವವರ ಕಣ್ಣು ಎಲ್ಲೆಲ್ಲಿ ಓಡುತ್ತದೆ ಅಂತ ಅಳೆದು ನೋಡಿದ್ದರು. ಜನ ಮೆಸೇಜ್ ಓದುತ್ತಾರೆ ಅಂತಲೇ ಅದರಲ್ಲಿ ತಿಳಿದುಬಂತು. ಓದಲು ಅದು ಕೋಡ್‌ನಷ್ಟೇ ಕಷ್ಟ ಅಂತಲೂ ತಿಳಿಯಿತು. ಆ ಔರಾದ ಹುಡುಗಿ ಕೂಡ ಓದಿದ್ದಳು. ಓದಿದ್ದಕ್ಕೇ 14ನೇ ಸಾಲಿಗೆ ಹೋದಳು.

ಅವರ ಹತ್ತಿರ ನಾನು ಒಂದು ಸಹಾಯ ಕೇಳಿದೆ. ಮಕ್ಕಳು ಕೊನೆಗೆ ಒಪ್ಪಿಸುವುದು ಸರಿಯಾದ ಪ್ರೋಗ್ರಾಂ. ಸಿಕ್ಕಿಹಾಕಿಕೊಂಡಿದ್ದ ಪ್ರೋಗ್ರಾಂ ಅಳಿಸಿಹೋಗಿರುತ್ತದೆ. ಚೆಕರ್ ಬರೆಯುವ ನಮಗೆ ಬೇಕಾಗಿರುವುದು ಆ ಅಳಿಸಿದ್ದು. ಯಾರಾದರೂ ನಿಮ್ಮನ್ನು ಕರೆದಾಗ ತಿದ್ದುವ ಮೊದಲು ಆ ಫೈಲಿನ ಒಂದು ಪ್ರತಿ ತೆಗೆದಿಡಿ. ಪಕ್ಕದಲ್ಲಿ ಒಂದೇ ಸಾಲು ಬರೆದಿಡಿ: ಚೆಕರ್ ಯಾವ ಸಾಲು ಹೇಳಿತು, ನೀವು ತಿದ್ದಿದ್ದು ಯಾವ ಸಾಲು. ವಿದ್ಯಾರ್ಥಿಯ ಹೆಸರು ಬೇಡ. ಅವರು ತಮ್ಮ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದುಕೊಂಡರು. ಸೋಮವಾರದ ಲ್ಯಾಬಿನಿಂದ ಬರೆಯಲು ಶುರು ಮಾಡುತ್ತೇನೆ ಅಂದರು.